ವಾರದ ರಜೆ, ಅಗಸರ ಮಡು

ದಸರೆ ಮುಗಿದು ಒಂಬತ್ತು ದಿನ. ಕುರುಡು ಚಿತ್ತೆ
ಕೈಗೆ ಬಂದತ್ತ ಎರಚುತ್ತಿದ್ದಾಳೆ,
ಆಚೆ ದಡದ ಗದ್ದೆಗೆ ಬಿಸಿಲು,
ನಮ್ಮ ಬೆನ್ನಿಗೆ ಮಳೆ.

ಗೊಬ್ಬರದ ಚೀಲ ಮಡಚಿ ಕೊಪ್ಪೆ ಮಾಡಿಕೊಂಡು
ನಾನು, ಟೈಲರ್ ಲಿಗೋರಿ,
ಸಕಲೇಶಪುರದ ಕೆಳಗೆ ಹೇಮಾವತಿ ಸೊಂಟ ತಿರುಗಿಸುವಲ್ಲಿ
ಆರೂವರೆಯಿಂದ ಕೂತಿದ್ದೇವೆ.
ಡ್ಯೂಟಿ ಇದ್ದಿದ್ದರೆ ಇಷ್ಟೊತ್ತಿಗೆ ನಾನು ಹಾನುಬಾಳಿನಲ್ಲಿ
ಚಿಲ್ಲರೆಗೆ ಜಗಳ ಆಡುತ್ತಿರಬೇಕು.

ಹೊಳೆ ಕೆಂಪಗಿದೆ, ಕುದಿಯಲು ಇಟ್ಟು ಮರೆತ ಟೀ ಹಾಗೆ.
"ಕೆಂಪಿಗೆ ಗೆಂಡೆ ಬರುತ್ತೆ. ಬಿಳಿಮೀನು
ಬಣ್ಣ ತಿರುಗುವಾಗ ಬರುತ್ತೆ ನೋಡು,
ಕೆಂಪು ಹೋಗಿ ಹಸಿರಾಗುವ ಆ ಒಂದು ಗಳಿಗೆ."
ಹದಿನಾಲ್ಕು ವರ್ಷದಿಂದ ಹೇಳುತ್ತಿದ್ದಾನೆ.
ಹದಿನಾಲ್ಕು ವರ್ಷದಿಂದ ಆ ಗಳಿಗೆಗೆ ಸರಿಯಾಗಿ
ಅವನಿಗೆ ಯಾರದೋ ಮದುವೆಯ ಕೋಟು.

ಮಡುವಿನ ನಡುವೆ ಒಂದು ಬಂಡೆ, ನಮ್ಮ ಅಳತೆಕೋಲು.
ಬೆಳಿಗ್ಗೆ ಅದರ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುತ್ತಿತ್ತು,
ಮಳೆಯಲ್ಲೇ, ಯಾವ ನಂಬಿಕೆಯಿಂದಲೋ.
ಹತ್ತಕ್ಕೆ ಹಕ್ಕಿಯ ಕಾಲು ಮುಳುಗಿತು.
ಹನ್ನೊಂದಕ್ಕೆ ಹಕ್ಕಿಯಿಲ್ಲ.
ಹನ್ನೆರಡಕ್ಕೆ ಬಂಡೆಯಿಲ್ಲ, ಬಂಡೆಯಿದ್ದಲ್ಲಿ
ನೀರಿಗೊಂದು ಗೂನು.

ಲಿಗೋರಿಯ ಜೇಬಿನಲ್ಲಿ ಫೋನು ಗುಂಯ್ ಅಂದಿತು:
ಅರಣ್ಯ ಇಲಾಖೆ. ಮೂರು ಆನೆ. ಎಚ್ಚರ.
"ಎಲ್ಲಿ?"
"ಹೊಳೆ ಆಚೆ."
"ಆನೆ ಹೊಳೆ ದಾಟಲ್ವ?"
ಅವನು ನೀರನ್ನು ಕಣ್ಣಲ್ಲೇ ಟೇಪು ಹಿಡಿದು ಅಳೆದ.
"ಇವತ್ತು ದಾಟಲ್ಲ" ಅಂದ,
ಪ್ಯಾಂಟಿನ ಉದ್ದ ಹೇಳುವ ಧಾಟಿಯಲ್ಲಿ.

ಮೀನಿಗೆಂದು ದೇವೀರಿ ಕಟ್ಟಿಕೊಟ್ಟ ರಾಗಿಮುದ್ದೆ,
ಕಲ್ಲಾಗುವಂತೆ ಬೇಯಿಸಿ, ಅರಿಶಿನ, ಇಂಗು ಹಾಕಿ.
"ನನಗೆ ಮಾಡುವಾಗ ಇಷ್ಟು ಮುತುವರ್ಜಿ ಇಲ್ಲ" ಅಂದಿದ್ದೆ ಒಮ್ಮೆ.
"ನೀವು ಕರೆಯದಿದ್ದರೂ ಬರ್ತೀರಲ್ಲ" ಅಂದಳು.
ಎರಡು ಗಂಟೆಗೆ ನಾವೇ ಅದನ್ನು ಮುರಿದು
ಮಾವಿನ ಉಪ್ಪಿನಕಾಯಿ ನೆಂಚಿಕೊಂಡು ತಿಂದೆವು,
ಸಾರಿನ ಕೆಲಸ ಮಳೆಯದು.
ಮೀನಿನ ರುಚಿ ಗೊತ್ತಿತ್ತು, ಮೀನಿನ ಊಟದ ರುಚಿ
ಇವತ್ತು ಗೊತ್ತಾಯಿತು. ಇಂಗು ಜಾಸ್ತಿ.

ಆಮೇಲೆ ಲಿಗೋರಿಯ ಗಾಳ ಬೇರಿಗೆ ಸಿಕ್ಕಿ ಹೋಯಿತು.
ಹೊಸ ಗಾಳ ತೆಗೆದ, ಬೆಳಕಿಗೆ ಹಿಡಿದ,
ತಂಗೂಸಿಯ ತುದಿ ನಾಲಿಗೆಗೆ ಒತ್ತಿ ಒದ್ದೆ ಮಾಡಿದ.
ಒಂದು ಸಲ. ಇನ್ನೊಂದು ಸಲ. ಆರನೆಯ ಸಲಕ್ಕೆ
ಎರಡನ್ನೂ ನನ್ನ ಕಡೆ ಚಾಚಿದ, ಹೊಳೆ ನೋಡುತ್ತಾ.
ಸಕಲೇಶಪುರದ ಅರ್ಧ ಊರನ್ನು ಹೊಲಿದ ಕೈ.
ನಾನೂ ಹೊಳೆ ನೋಡುತ್ತಲೇ ಪೋಣಿಸಿದೆ, ಗಂಟು ಹಾಕಿದೆ.

ಮಳೆ ಬಿಟ್ಟಿತು. ಪಕ್ಕದ ಹಳ್ಳ ಬಂದು ಸೇರುವಲ್ಲಿ
ಕೆಂಪಿನ ಅಂಚಿಗೆ ಬೆರಳಗಲ ಹಸಿರು.
"ಒಂದ್ನಿಮಿಷ ಹಿಡಿ" ಎಂದು ಕೋಲು ಕೊಟ್ಟು
ಅವನು ಮತ್ತಿಮರದ ಹಿಂದೆ ಹೋದ.

ತೋರುಬೆರಳ ಮೇಲೆ ತಂಗೂಸಿ.
ಇಪ್ಪತ್ತೆರಡು ವರ್ಷ ಬಸ್ಸಿನ ಗಂಟೆಯ ಹಗ್ಗ ಎಳೆದ ಬೆರಳು.
ಒಮ್ಮೆ ಎಳೆದರೆ ಹೋಲ್ಡಾನ್,
ಎರಡು ಸಲ ಎಳೆದರೆ ರೈಟ್.

ಕೆಳಗಿನಿಂದ ಯಾರೋ ಒಮ್ಮೆ ಎಳೆದರು.
ನಾನು ನಿಂತೆ. ಉಸಿರೂ ನಿಂತಿತು.

ಎರಡು ಸಲ ಎಳೆದರು.

ಹೊಳೆಯ ಅಡಿಯಲ್ಲಿ ಒಂದು ಬಸ್ಸು ಹೊರಟಿತು,
ನಿಲ್ಲಿಸುವ ಹಕ್ಕು ನನಗಿಲ್ಲದ ಬಸ್ಸು.
ರೀಲು ಅರಚಿತು, ಕೋಲು ಮಂಡಿಯೂರಿತು,
ಒಮ್ಮೆ ಮಾತ್ರ ಮೇಲೆ ಬಂದು ಮಗ್ಗುಲಾಯಿತು:
ಅಂಗೈಯಗಲ ಹುರುಪೆ, ಹಳೇ ಹಿತ್ತಾಳೆಯ ಹೊಳಪು,
ಆತುರವೇ ಇಲ್ಲದ ಒಂದು ಕಣ್ಣು.
ಲಿಗೋರಿಯನ್ನು ಕೂಗಲು ಬಾಯಿ ತೆರೆದೆ.
ತಂಗೂಸಿ ಸಡಿಲವಾಯಿತು.

ಗುಂಡಿ ಹಾಕಿಕೊಳ್ಳುತ್ತಾ ಬಂದವನು ಕೇಳಿದ: "ಏನು?"
"ಗೆಂಡೆ" ಅಂದೆ. "ಒಂದು ಕೇಜಿ ಇತ್ತೇನೋ."

ಅವನು ಎಳೆದು ತುದಿ ಹಿಡಿದುಕೊಂಡ.
ಗಂಟು ಹಾಗೇ ಇತ್ತು.
ಗಾಳ ಕೊಕ್ಕೆ ಬಿಟ್ಟು ನೆಟ್ಟಗಾಗಿತ್ತು.
ಹೆಬ್ಬೆರಳಿಂದ ಅದರ ಉದ್ದ ಸವರಿದ,
ಮೊನೆಯಿಂದ ಕಣ್ಣಿನ ತನಕ, ಕಣ್ಣಿನಿಂದ ಮೊನೆಗೆ,
ತುಂಬಾ ಹೊತ್ತು.

"ಸೂಜಿ ಮಾಡಿಕೊಟ್ಟು ಹೋಗಿದೆ" ಅಂದ.
ತಂಗೂಸಿ ಕಡಿದು, ಅಂಗಿಯ ಕಾಲರಿಗೆ ಚುಚ್ಚಿಕೊಂಡು,
ಉಳಿದ ಮುದ್ದೆಯನ್ನು ಎರಡು ಪಾಲು ಮಾಡಿ
ದೊಡ್ಡ ಪಾಲನ್ನು ಹಸಿರಿದ್ದ ಕಡೆಗೆ ಎಸೆದ.