ಮಟ್ಟದ ಕೋಲು

ಅವರ ದುರ್ಬೀನಿನಲ್ಲಿ ನಾನು ತಲೆಕೆಳಗಾಗಿ ಕಾಣುತ್ತಿದ್ದೆ.
ಹಳೇ ಡಂಪಿ ಲೆವೆಲ್ಲು, ಅದರ ಗುಣವೇ ಹಾಗೆ:
ಆಕಾಶ ಕೆಳಗೆ, ಗದ್ದೆ ಮೇಲೆ,
ನಡುವೆ ಕೆಂಪು ಕಪ್ಪು ಅಂಕಿಯ ಕೋಲು ಹಿಡಿದು
ಬಾವಲಿಯಂತೆ ಜೋತುಬಿದ್ದ ಬೂದ್ಯಪ್ಪ.
ಹನ್ನೊಂದು ವರ್ಷ ನನ್ನನ್ನು ಹಾಗೇ ನೋಡಿದರು
ಜೂನಿಯರ್ ಇಂಜಿನಿಯರ್ ಹಾಲಸ್ವಾಮಿ,
ಸಣ್ಣ ನೀರಾವರಿ, ಹೊಸನಗರ.

ಅಲುಗದೆ ಹಿಡಿ ಎಂದವರಲ್ಲ.
"ಹಿಂದೆ ಮುಂದೆ ಮೆಲ್ಲಗೆ ತೂಗು ಬೂದ್ಯಪ್ಪ,
ಎಲ್ಲಕ್ಕಿಂತ ಕಡಿಮೆ ತೋರಿದ್ದೇ ನಿಜ."
ಇಂಬಳ ಬೆರಳ ಸಂದಿಯಲ್ಲಿ ಕುಡಿದು ಕುಡಿದು
ತಾನೇ ಉದುರುವವರೆಗೂ ಕಣ್ಣು ಕೀಳುತ್ತಿರಲಿಲ್ಲ.
ಪುಸ್ತಕದಲ್ಲಿ ಪೆನ್ಸಿಲ್ಲಿನ ಅಂಕಿ. ರಬ್ಬರ್ ಇಟ್ಟವರೇ ಅಲ್ಲ.
ತಪ್ಪಿದರೆ ಒಂದು ಗೀಟು, ಪಕ್ಕದಲ್ಲಿ ಸರಿ.
"ತಪ್ಪಿದ್ದು ಕಾಣಬೇಕು ಕಣೋ."

ಕಾರೆಹೊಂಡದ ಕೆರೆಯ ಏರಿ ಎತ್ತರಿಸುವಾಗ
ಪೂರ್ಣ ನೀರಿನ ಮಟ್ಟದ ಸುಣ್ಣದ ಗೆರೆ
ಕನ್ನಮ್ಮನ ಮನೆಯೊಳಗೇ ಹಾದುಹೋಯಿತು:
ಒಲೆ ನೀರಿಗೆ, ಪಡಸಾಲೆ ದಡಕ್ಕೆ.
ಅರ್ಧ ಮನೆಗೆ ಅರ್ಧ ಪರಿಹಾರ, ಎಂದಿತು ಶಿವಮೊಗ್ಗದ ಆಫೀಸು.
ಆಕೆ ಅತ್ತಿದ್ದರೆ ಸಾಹೇಬರು ಮರೆಯುತ್ತಿದ್ದರೇನೋ.
ಕೇಳಿದಳು: "ಉಂಬದು ಇಲ್ಲಿ,
ಬೇಯಿಸದು ಮೀನಿನ ಜೊತಿಗಾ?"
ಅವರು ನಗಲಿಲ್ಲ.
ಆ ರಾತ್ರಿ ಪ್ರವಾಸಿ ಮಂದಿರದ ಸೀಮೆಣ್ಣೆ ಬೆಳಕಿನಲ್ಲಿ
ಎರಡು ಹಾಳೆ ಬರೆದರು.
ಒಂದು ಆಕ್ಷೇಪಣೆ, ಇನ್ನೊಂದು ರಾಜೀನಾಮೆ.
ಎರಡನೆಯದಕ್ಕೆ ಮಾತ್ರ ಉತ್ತರ ಬಂತು.

ಆಮೇಲಿನದು ಗೋಡೆಗಳ ಮೇಲಿತ್ತು, ನೀವೂ ಓದಿದ್ದೀರಿ.
ಸೈಕಲ್ ಕ್ಯಾರಿಯರಿನಲ್ಲಿ ಮೈಕು. ಮೊದಲ ಸಲ ಠೇವಣಿ ನಷ್ಟ.
ಎರಡನೇ ಸಲ ಬಕೆಟ್ಟಿನಲ್ಲಿ ಗೋಂದು ಹೊತ್ತವನು ನಾನು,
ಸರ್ಕಾರಿ ನೌಕರ, ಕಂಬಳಿ ಕೊಪ್ಪೆಯೊಳಗೆ ಮುಖ ಮುಚ್ಚಿ.
ವಿಧಾನಸೌಧ. ಆಮೇಲೆ ದಿಲ್ಲಿ, ಹಿಂದಿ, ಖಾತೆ.
ಟೀವಿಯಲ್ಲಿ ಅವರು ಅಣೆಕಟ್ಟೆಗಳ ಲೆಕ್ಕ ಹೇಳುವಾಗ
ನನ್ನ ಕೈ ತಾನಾಗಿ ತೂಗುತ್ತಿತ್ತು, ಹಿಂದೆ, ಮುಂದೆ.
ಒಂದು ಸಲ ಯಾರೋ ಕೇಳಿದರು, ಎಷ್ಟು ಮನೆ ಮುಳುಗುತ್ತವೆ?
ಹೇಳಿದ್ದು ದುಂಡನೆಯ ಸಂಖ್ಯೆ, ಸೊನ್ನೆಗಳ ಸಾಲು.
ನಮ್ಮ ಪುಸ್ತಕದಲ್ಲಿ ಒಂದು ಪುಟದಲ್ಲೂ
ಅಷ್ಟು ದುಂಡಗಿನದು ಬಿದ್ದಿರಲಿಲ್ಲ.
ಎದ್ದು ಹಿತ್ತಿಲಿಗೆ ಹೋಗಿ ಸುಮ್ಮನೆ ಕೈ ತೊಳೆದೆ.

ಹೋದ ಮಾಘದಲ್ಲಿ ಶಿವಮೊಗ್ಗದಲ್ಲಿ ಸನ್ಮಾನ.
ಮರುದಿನ ಬೆಳಕು ಹರಿಯುವ ಮುಂಚೆ
ನನ್ನ ಬಾಗಿಲಿಗೆ ಕಾರು ಬಂತು. ಹೆಂಡತಿ ಹೆದರಿದಳು.
ಕಾರೆಹೊಂಡದವರೆಗೂ ಅವರು ಮಾತಾಡಲಿಲ್ಲ,
ನನ್ನ ಸಕ್ಕರೆ ಕಾಯಿಲೆ ಕೇಳಿದ್ದು ಬಿಟ್ಟರೆ.
ಕೋಡಿಯ ಗೋಡೆಯಲ್ಲಿ ಬಾಣದ ಗುರುತು,
ಉಳಿ ಹಿಡಿದು ನಾನೇ ಕೆತ್ತಿದ್ದು.
ಮಂತ್ರಿ ಮಂಡಿಯೂರಿ ಉಗುರಿನಿಂದ ಪಾಚಿ ಕೆರೆದರು.
"ನೆನಪಿದೆಯಾ? ಹೊರಟ ಕಲ್ಲಿಗೇ ವಾಪಸು ಬಂದು ಓದಬೇಕು.
ಮೊದಲ ಓದಿಗೂ ಕೊನೆಯದಕ್ಕೂ ಬರುವ ಫರಕು..."
"ದಾರಿಯ ತಪ್ಪು," ಎಂದೆ.
"ಎಷ್ಟು ಬಂದಿರಬಹುದು, ಬೂದ್ಯಪ್ಪ?"

ಕೋಲು ಹಿಡಿದವನಿಗೆ ಅಂಕಿ ಕಾಣುವುದಿಲ್ಲ ಸ್ವಾಮಿ,
ಅದರ ಮುಖ ಯಾವಾಗಲೂ ನಿಮ್ಮ ಕಡೆಗೇ.

ಕೆಳಗೆ, ಕನ್ನಮ್ಮನ ಒಲೆ ಇದ್ದ ಕಡೆ
ನೀರುಕಾಗೆಯೊಂದು ಮುಳುಗಿತು, ಬೇಗ ಏಳಲಿಲ್ಲ.
ಬಂದೂಕಿನ ಹುಡುಗ ಗಡಿಯಾರ ನೋಡಿದ.
ಸಾಹೇಬರು ಎರಡೂ ಜೇಬು ತಡಕಿದರು.
ಪೆನ್ಸಿಲ್ ಇರಲಿಲ್ಲ.