ದೂರವನ್ನು ಮೆತ್ತಗೆ ಮಾಡುವವಳು

ಬಣ್ಣಗಾರರ ಓಣಿಯಲ್ಲಿ ನನ್ನ ಹೆಸರು ಛಿಂಗ್.
ಮೊಣಕೈವರೆಗೆ ನೀಲಿ, ಉಗುರಿನ ಸಂದಿಗೂ ನೀಲಿ.
ಅರಮನೆಯ ಹೆಂಗಸರು ಮೂರು ದಿನ ಹೊಟ್ಟು ಹಾಕಿ ಉಜ್ಜಿದರು,
ಅಕ್ಕಿ ತೊಳೆದ ನೀರಲ್ಲಿ ನೆನೆಹಾಕಿದರು,
ನಾಲ್ಕನೆಯ ದಿನ ಉದ್ದ ತೋಳಿನ ಅಂಗಿ ತೊಡಿಸಿ
ಇನ್ನು ನೀನು ಚಕ್ರವರ್ತಿಯ ಮಗಳು, ಅಂದರು.
ದೂರವನ್ನು ಮೆತ್ತಗೆ ಮಾಡುವವಳು: ಅದು ಬಿರುದು.
ಬರೆದುಕೊಂಡ ಗುಮಾಸ್ತ ನಡುವೆ ಒಮ್ಮೆ ಸೀನಿದ.

ಅಪ್ಪನನ್ನು ನಾನು ನೋಡಲೇ ಇಲ್ಲ,
ಆ ಅಪ್ಪನನ್ನು. ಪರದೆಯಾಚೆ ಕೆಮ್ಮಿದ್ದು ಕೇಳಿತು.

ಐವತ್ತು ಗಾಡಿ. ರೇಷ್ಮೆ, ನವಣೆ, ಮದ್ಯದ ಜಾಡಿ, ನಾನು.
ಗೋಡೆಯ ಬಾಗಿಲಲ್ಲಿ ಲೆಕ್ಕದವನು ಎಲ್ಲವನ್ನೂ ಮುಟ್ಟಿ ಎಣಿಸಿದ,
ನನ್ನನ್ನು ಮುಟ್ಟದೆ ಎಣಿಸಿದ.
ಆಮೇಲೆ ಹುಲ್ಲು.
ಹುಲ್ಲು ಮುಗಿದ ಮೇಲೂ ಹುಲ್ಲು.

ಗಂಡನಿಗೆ ನನ್ನದೇ ವಯಸ್ಸಿನ ಮಗನಿದ್ದ.
ಗಂಡ ಸತ್ತ, ಮಗ ಗಂಡನಾದ, ಇಲ್ಲಿ ಹಾಗೆ.
ಕರೆಸಿಕೊಳ್ಳಿ ಎಂದು ಓಲೆ ಬರೆಸಿದೆ.
ಎರಡು ಚಳಿಗಾಲ ಕಳೆದು ಬಂದ ಉತ್ತರದಲ್ಲಿ ನಾಲ್ಕೇ ಅಕ್ಷರ;
ಓದಿದವನಿಗೆ ನನ್ನ ಮುಖ ನೋಡಲಾಗಲಿಲ್ಲ.
ಬಿಡಿ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು,
ನಾನು ಕೊಡುವ ಮೊದಲೇ ಹೊರಗಿನವಳು.
ಅವನು ಒಳ್ಳೆಯವನು, ಹೇಳಲೇಬೇಕು:
ಮಂಜು ಬೀಳುವ ರಾತ್ರಿ ನನ್ನ ಪಾದಗಳನ್ನು
ತನ್ನ ಹೊಟ್ಟೆಗೆ ಒತ್ತಿಕೊಂಡು ಮಲಗುತ್ತಿದ್ದ.

ಉತುಕ್ ಸಣ್ಣವನಿದ್ದಾಗ ಕೇಳುತ್ತಿದ್ದ,
ನನ್ನ ಸೋದರಮಾವ ಹೇಗಿದ್ದಾನೆ?
ಒಪ್ಪಂದದ ಪ್ರಕಾರ ಯುವರಾಜ ಅವನ ಮಾವ.
ನಾನು ನನ್ನ ತಮ್ಮನನ್ನು ಹೇಳುತ್ತಿದ್ದೆ:
ಬಿದ್ದ ಹಲ್ಲಿನ ಸಂದಿಯಲ್ಲಿ ನಾಲಿಗೆ ತೂರಿಸಿ ನಗುತ್ತಾನೆ,
ಕೈಯೆರಡೂ ನೀಲಿ.
ಅರಸುಮಕ್ಕಳ ಕೈ ನೀಲಿಯೆಂದು ಮಗ ಇವತ್ತಿಗೂ ನಂಬಿದ್ದಾನೆ.

ಈ ವರ್ಷ ರೇಷ್ಮೆ ಬರಲಿಲ್ಲ.
ತರುತ್ತೇನೆಂದು ಇನ್ನೂರು ಕುದುರೆ ಕಟ್ಟಿಕೊಂಡು ಹೋದ.
ನಿನ್ನೆ ಬಂದ. ನನಗೆಂದು ಹತ್ತಿ ಇಲ್ಲದ, ನಾರು ತುಂಬಿದ
ಒಂದು ಸೈನಿಕನ ಅಂಗಿ. ನೀಲಿ.
ಎಡಗಂಕುಳಲ್ಲಿ ಹರಿದದ್ದನ್ನು ಯಾರೋ ಹೊಲಿದಿದ್ದಾರೆ,
ದಾರವನ್ನು ಮೂರು ಸುತ್ತು ಸುತ್ತಿ, ಹಲ್ಲಿಂದ ಕಡಿದು.
ನಮ್ಮೋಣಿಯಲ್ಲಿ ಎಲ್ಲರೂ ಹಾಗೇ ಗಂಟು ಹಾಕುವುದು.
ಎಲ್ಲರೂ. ನೂರು ಮನೆ ಇದ್ದವು ಅಲ್ಲಿ.

ತೊಟ್ಟುಕೋ ಅವ್ವಾ, ಬೆಚ್ಚಗಿದೆ, ಅಂದ.
ತೊಟ್ಟಿದ್ದವನ ವಯಸ್ಸು ನಾನು ಕೇಳಲಿಲ್ಲ.
ತೊಟ್ಟೆ.

ಆತುರದ ಬಣ್ಣ, ಸರಿಯಾಗಿ ಗಾಳಿಗೆ ಹಿಡಿದಿಲ್ಲ,
ಅಪ್ಪನಾಗಿದ್ದರೆ ಬೈದು ವಾಪಸ್ಸು ಅದ್ದಿಸುತ್ತಿದ್ದ.
ಬೆಳಗಾಗುವಾಗ ಮಣಿಕಟ್ಟಿಂದ ಮೇಲೆ ನೀಲಿ ಹತ್ತಿತ್ತು.
ಹಾಲು ಕಡೆಯುತ್ತ ಕೂತ ನನ್ನ ತೋಳು ನೋಡಿ
ಮಗ ನಕ್ಕ:
ನೋಡವ್ವಾ, ಈಗ ಅರಸುಮಗಳಾದೆ.