ಟಾರ್ಪಾಲು

ತುಲಾ ಸಂಕ್ರಮಣ ಕಳೆದ ಮೂರನೆಯ ದಿನ
ಕರಡಿಗೋಡಿನ ಕಡವಿನಿಂದ
ಪಿಕಪ್ಪಿನಲ್ಲಿ ಬಂದಿಳಿಯಿತು ದೋಣಿ,
ಮೂತಿ ಹೊರಗೆ ಚಾಚಿ, ತುದಿಗೆ ಕೆಂಪು ಚಿಂದಿ ಕಟ್ಟಿಕೊಂಡು.
ಪಂಚಾಯತಿಯ ಗುಮಾಸ್ತ ರಸೀದಿ ಬರೆಸಿಕೊಂಡ:
'ಮರದ ದೋಣಿ ಒಂದು, ಹುಟ್ಟು ಎರಡು,
ಮುಂದಿನ ಪ್ರವಾಹದವರೆಗೆ ಜೋಪಾನ.'
ಸಹಿ ಹಾಕಿದೆ,
ಪ್ರವಾಹಕ್ಕೇ ಜಾಮೀನು ನಿಂತವಳ ಹಾಗೆ.

ಈ ಓಣಿಯಲ್ಲಿ ಇಪ್ಪತ್ತೆರಡು ಅಡಿ
ಸುಮ್ಮನೆ ಬಿದ್ದಿರುವುದು ನಮ್ಮ ಅಂಗಳವೊಂದೇ.

ಮೊಯಿದು ಬಂದ. ಹೊಳೆಯಲ್ಲಿ ತುಟಿ ಬಿಚ್ಚದವನು,
ನೆಲಕ್ಕೆ ಕಾಲಿಟ್ಟರೆ ಮಾತೋ ಮಾತು.
'ಮಣ್ಣಿಗೆ ತಾಗಿಸಬೇಡಿ, ಗೆದ್ದಲಿಗೆ ಹೊಳೆಯ ಭಯವಿಲ್ಲ.
ಮೂರು ಕಡೆ ಸಿಲ್ವರ್ ಓಕಿನ ತುಂಡು ಕೊಡಿ.
ಬಿರುಕಿಗೆ ಹತ್ತಿ, ಹಾಲುಮಡ್ಡಿ. ಮೇಲೆ ಎರಡು ಕೈ ಗೇರೆಣ್ಣೆ.
ಮುಚ್ಚಿ, ಆದರೆ ಬಿಗಿಯಬೇಡಿ ಅಕ್ಕ,
ಒಣಗುವುದಕ್ಕೂ ಗಾಳಿ ಬೇಕು.'
ಒಳಗೆ ಬಿದಿರು ನಿಲ್ಲಿಸಿ ಬೆನ್ನು ಮಾಡಿ
ನೀಲಿ ಟಾರ್ಪಾಲು ಹೊದಿಸಿ
ಮಗುವಿಗೆ ಕಾಲುಚೀಲ ಎಳೆವ ಹಾಗೆ ತುದಿ ಎಳೆದು ಕಟ್ಟಿದ.

ಪುತ್ತರಿ ಬಂತು, ಹೋಯಿತು.
ದೋಣಿಯೊಳಗೆ ಕೋಳಿ ಹನ್ನೊಂದು ಮೊಟ್ಟೆಯಿಟ್ಟಿತು.
ಮಂಜು ಇಳಿದ ಬೆಳಿಗ್ಗೆ ಅಂಗಳವೇ ಇಲ್ಲ,
ನೀಲಿ ಬೆನ್ನೊಂದು ತೇಲುತ್ತಿತ್ತು.

ಆಗಸ್ಟಿನಲ್ಲಿ ಇದರಲ್ಲೇ ಬಂದಿದ್ದಳು ಬೊಳ್ಳಿ,
ಮಿಕ್ಸಿಯನ್ನು ಮಡಿಲಲ್ಲಿಟ್ಟು
ಮೂರು ಮಕ್ಕಳನ್ನು ಮೊಯಿದುವಿನ ಬೆನ್ನಿಗೆ ಬಿಟ್ಟು.
ಈಗ ಇದೇ ದೋಣಿಯ ನೆರಳಲ್ಲಿ ಕೂತು
ಕಾಫಿ ಹಣ್ಣಿನ ಕಸ ಆರಿಸುತ್ತಾಳೆ.
ಅತ್ತ ತಿರುಗಿ ನೋಡುವುದಿಲ್ಲ.

ಜನವರಿ ಹದಿನೇಳು, ರಾತ್ರಿ ಎರಡು ಗಂಟೆ.
ಹಂಚಿನ ಮೇಲೆ ಯಾರೋ ಕಾಳು ಚೆಲ್ಲಿದ ಸದ್ದು.
ಮಳೆ. ಬರಬಾರದ ಮಳೆ.
ಕಣದಲ್ಲಿ ಹದಿನೆಂಟು ಚೀಲದಷ್ಟು ಚೆರ್ರಿ,
ಇದ್ದ ಟಾರ್ಪಾಲು ಅರ್ಧಕ್ಕೂ ಸಾಲದು.
ಟಾರ್ಚು ಹಿಡಿದು ಒಂದು ಗಳಿಗೆ ನಿಂತೆ.
(ರಸೀದಿಯಲ್ಲಿ ಟಾರ್ಪಾಲಿನ ಮಾತಿರಲಿಲ್ಲ.)
ಲೈನುಮನೆಯಿಂದ ಓಡಿ ಬಂದ ಬೊಳ್ಳಿ
ಗಂಟಿಗೆ ಕೈ ಹಾಕಿದಳು.
ಬಿಚ್ಚಲಿಲ್ಲ,
ಕತ್ತಿಯಲ್ಲಿ ಕೊಯ್ದಳು.

ಬೆಳಗಾದಾಗ ಕಾಫಿ ಬೆಚ್ಚಗಿತ್ತು.
ದೋಣಿಯ ತುಂಬ ನೀರು!
ಹೊರಗಿಡಲೆಂದು ಮಾಡಿದ್ದನ್ನೇ
ಒಳಗೆ ಕೂರಿಸಿಕೊಂಡು ಸುಮ್ಮನಿತ್ತು.
ಬೊಳ್ಳಿಯ ಕಿರಿಯವ ಕಿತ್ತಳೆ ಸಿಪ್ಪೆಯೊಂದನ್ನು
ಅದರಲ್ಲಿ ತೇಲಿಬಿಟ್ಟ,
ಎರಡು ಇರುವೆಗಳನ್ನು ಹತ್ತಿಸಿ.
ಕೋಳಿ ದಡದಲ್ಲಿ ನಿಂತು ಬೈಯುತ್ತಿತ್ತು.

ಮೊಯಿದು ಬಂದ. ಬೈಗುಳಕ್ಕೆ ನಾನೂ ಸಿದ್ಧಳಾಗಿದ್ದೆ.
ಅವನು ಸುತ್ತು ಬಂದ, ಬಗ್ಗಿದ,
ತಳಕ್ಕೆ ಅಂಗೈ ಸವರಿ ಬೆಳಕಿಗೆ ಹಿಡಿದ.
ಒಣ ಕೈ.
'ಸೋರುತ್ತಿಲ್ಲ ಅಕ್ಕ' ಎಂದ,
'ಹೊಳೆಗಿಳಿಸದೆ ಇದು ಹೇಗೆ ತಿಳಿಯುತ್ತಿತ್ತು?'
ಬೊಳ್ಳಿಯೂ ಬಗ್ಗಿ ಮುಟ್ಟಿ ನೋಡಿದಳು.
ಇನ್ನೊಮ್ಮೆ ನೋಡಿದಳು.

ಆಮೇಲೆ ಚೊಂಬು, ಬಕೆಟ್ಟು, ಸಿಕ್ಕಿದ್ದು ಹಿಡಿದು
ಎಲ್ಲರೂ ಮೊಗೆದೆವು, ಮೆಣಸಿನ ಬಳ್ಳಿಗೆ.
ಟಾರ್ಪಾಲಿನ ದುಡ್ಡು ಯಾರು ಕೊಡಬೇಕೆಂದು
ಇನ್ನೂ ತೀರ್ಮಾನವಾಗಿಲ್ಲ.